ಶುಕ್ರವಾರದ ಪೊರಕೆ

"ಇಳಿಯೇ ಕೆಳಗೆ, ಹಾದರಗಿತ್ತಿ! ದೀಪ ಹಚ್ಚೋ ಹೊತ್ನಲ್ಲಿ ಪೊರಕೆ ಹಿಡೀತೀಯಾ? ನನ್ನ ಲಕ್ಷ್ಮೀನ ಬೀದಿಗೆ ಗುಡಿಸ್ತೀಯೇನೇ?"

ಬೈದೋನು ನಮ್ಮ ಧಣಿ ಏಕಾಂತಯ್ಯ. ಬೈಸ್ಕೊಂಡೋಳು ನಮ್ಮಕ್ಕ ಚಿಕ್ಕಮುನಿಯಮ್ಮ. ಸ್ಟೂಲ್ ಮೇಲೆ ನಿಂತ್ಕೊಂಡು, ತೊಲೆ ಮೇಲಿನ ಪುಡೀನ ಮೊರಕ್ಕೆ ಮೆತ್ತಗೆ ಎಳ್ಕೋತಿದ್ಲು.

ಐವತ್ತೊಂದನೇ ಇಸವಿ, ಚಾಮರಾಜಪೇಟೆ. ಊದುಬತ್ತಿಗೆ ಇದ್ದಿಲು, ಮರದ ತೊಗಟೆ ಎಲ್ಲ ನುಣ್ಣಗೆ ಪುಡಿ ಮಾಡೋ ಶೆಡ್ಡು ಅದು. ನಾನು ಮಿಷನ್ ನೋಡ್ಕೋತಿದ್ದೆ, ಅಕ್ಕ ಜರಡಿ ಹಿಡೀತಿದ್ಲು, ಅವಳ ಗಂಡ ಕೆಂಚಪ್ಪ ಮೂಟೆ ಹೊರ್ತಿದ್ದ. ಸಾಯಂಕಾಲ ಆಚೆ ಬಂದ್ರೆ ಮೂರೂ ಜನಕ್ಕೆ ಹಲ್ಲು ಮಾತ್ರ ಬೆಳ್ಳಗೆ. ನಮ್ಮ ಬೀದಿ ನಾಯೀನೇ ಗುರುತು ಸಿಗದೆ ಬೊಗಳ್ತಿತ್ತು.

ಕಿಟಕಿ ಇದ್ವು, ಎರಡು. ಪಕ್ಕದ ಮನೆ ಜಾನಕಮ್ಮೋರು ಬಂದು, "ಏನ್ರೀ, ನಿಮ್ಮ ಮಸಿ ಹಾರ್ಕೊಂಡು ಬಂದು ನನ್ನ ಮಡಿ ಸೀರೆ ಮೇಲೆ ಕೂರುತ್ತೆ" ಅಂದ್ರು. ಅವತ್ತೇ ಧಣಿ ಎರಡಕ್ಕೂ ಗೋಣಿ ಹೊಡೆಸ್ಬಿಟ್ಟ. ಸೀರೆ ಬೆಳ್ಳಗಾಯ್ತು. ಪುಡಿ ಎಲ್ಲಿಗೆ ಹೋಗ್ಬೇಕು? ಒಂದಿಷ್ಟು ನಮ್ಮ ಎದೆಗೆ, ಮಿಕ್ಕಿದ್ದು ತೊಲೆ ಮೇಲೆ.

ಒಂದಿನ ಭಾವ ಪುಡಿ ಸುರಿದ ಖಾಲಿ ಗೋಣಿಚೀಲ ಒದರಿದ. ಪಕ್ಕದಲ್ಲಿ ಲಾಟೀನು. ಬುಸ್ ಅಂತ ಗಾಳಿಗೇ ಬೆಂಕಿ ಹತ್ಕೊಂತು, ಹಂಗೇ ಆರೋಯ್ತು. ಭಾವನ ಹುಬ್ಬು ಮಾತ್ರ ಹೋಯ್ತು. "ನುಣ್ಣಗೆ ಬೋಳಿಸ್ಕೊಂಡ ಮದುವೆ ಗಂಡಿನ ಥರ ಇದೀಯ ಭಾವ" ಅಂತ ನಾನು ಬಿದ್ದು ಬಿದ್ದು ನಕ್ಕೆ. ಅಕ್ಕ ನಗಲಿಲ್ಲ, ಸೀದಾ ಧಣಿ ಹತ್ರ ಹೋದ್ಲು.

"ಬುದ್ಧಿ, ಅರ್ಧ ದಿನ ಮಿಷನ್ ನಿಲ್ಸಿ. ತೊಲೆ ಗುಡಿಸ್ಕೋತೀವಿ. ಒಂದಿನ ನಮ್ಮನ್ನ ಸುಟ್ಬಿಡತ್ತೆ ಇದು."

"ಮಿಷನ್ ನಿಂತ್ರೆ ನಿಮ್ಮಪ್ಪ ತಂದು ಕೊಡ್ತಾನೇನೇ ಪುಡಿ?"

ರಾತ್ರಿಗೂ ಬೇರೆ ಪಾಳಿ ಇತ್ತು. ಮಿಷನ್ ನಿಲ್ತಿದ್ದಿದ್ದು ವಾರಕ್ಕೊಂದೇ ಸಲ, ಶುಕ್ರವಾರ ಸಾಯಂಕಾಲ, ಅದಕ್ಕೇ ಆರತಿ ಮಾಡೋವಾಗ. ಆ ಹೊತ್ತಲ್ಲಿ ಪೊರಕೆ ಮುಟ್ಟಂಗಿಲ್ಲ. ಇನ್ನು ಯಾವಾಗ ಗುಡಿಸೋದು, ಹೇಳಿ?

ಅದಕ್ಕೇ ಆ ಶುಕ್ರವಾರ ಸ್ಟೂಲ್ ಹತ್ತಿದ್ಲು. ಭಾವ ಆರತಿಗೆ ನಿಂತಿದ್ದ. ಬೈತಾನೇ ಏಕಾಂತಯ್ಯ ಉರಿಯೋ ಕರ್ಪೂರದ ತಟ್ಟೇನ ಮಿಷನ್ ಮೇಲಿಟ್ಟ. ಬಾಗಿಲ ಹತ್ರ ಬಿಟ್ಟಿದ್ದ ಎಕ್ಕಡ ತಗೊಂಡು ಅಲ್ಲಿಂದ್ಲೇ ಬೀಸಿ ಹೊಡೆದ. ಅಕ್ಕ ಮೊರ ಅಡ್ಡ ಹಿಡಿದು ಬಗ್ಗಿದ್ಲು. ಎಕ್ಕಡ ಹೋಗಿ ತೊಲೆಗೆ ಬಡೀತು.

ಕರಿ ಮೋಡ ಇಳಿದಂಗೆ ಇಳೀತು ಪುಡಿ, ಉರಿಯೋ ಕರ್ಪೂರದ ಮೇಲೆ. ಕೈ ತೊಳಿಯೋಕೆ ಆಚೆ ಬಂದಿದ್ದೆ, ನೋಡ್ತಾನೇ ಇದ್ದೆ. ಮೊದಲು ಧಪ್ ಅಂತು, ಸಣ್ಣದು. ಅದಕ್ಕೆ ಸೂರೆಲ್ಲ ಅಲ್ಲಾಡಿ ಉಳಿದ ಪುಡೀನೂ ಬಿತ್ತು. ಎರಡನೇದಕ್ಕೆ ತಗಡಿನ ಮಾಡು ಹಾರಿ ರಸ್ತೇಲಿ ಬಿತ್ತು, ಏಕಾಂತಯ್ಯಾನೂ ಬಂದು ಮೋರಿಗೆ ಬಿದ್ದ. ಪಂಚೆ ಸುಟ್ಟಿತ್ತು, ಅಷ್ಟೇ.

ಅಕ್ಕನ ಮುಖಾನ ಮೊರ ಉಳಿಸ್ತು. ಬೆರಳು ಉಳೀಲಿಲ್ಲ. ಭಾವ ಆರತಿಗೆ ಕೈ ಮುಗ್ಕೊಂಡು ಮಿಷನ್ ಮುಂದೆ ನಿಂತಿದ್ನಲ್ಲ, ಹೆಣ ಎತ್ತಿದಾಗ್ಲೂ ಕೈ ಹಂಗೇ ಮುಗ್ದಿತ್ತು. ಬಿಡಿಸೋಕಾಗ್ಲಿಲ್ಲ.

ಇನ್‌ಸ್ಪೆಕ್ಟರು ಬಂದ. ಏಕಾಂತಯ್ಯ ಮೂಗೊರೆಸ್ಕೊಂಡು, "ಕೆಂಚಪ್ಪ ಬೀಡಿ ಹಚ್ಚಿದ ಸ್ವಾಮಿ. ಎಷ್ಟು ಹೇಳಿದ್ರೂ ಕೇಳ್ತಿರ್ಲಿಲ್ಲ" ಅಂದ. ಬೀಡಿ! ಭಾವಂಗೆ ನೆಟ್ಟಗೆ ಉಸಿರೆಳೆಯೋಕೇ ಆಗ್ತಿರ್ಲಿಲ್ಲ.

"ನೀನು ನೋಡ್ದೇನೋ?" ಅಂದ ಇನ್‌ಸ್ಪೆಕ್ಟರು.

ಏಕಾಂತಯ್ಯ ನನ್ನ ಹೆಗಲ ಮೇಲೆ ಕೈ ಹಾಕ್ದ. ಜನ್ಮದಲ್ಲಿ ಮುಟ್ಟಿದೋನಲ್ಲ. "ಹೊಸ ಶೆಡ್ಡಿಗೆ ಮಿಷನ್ ನೋಡ್ಕೊಳೋರು ಬೇಕು ಕಣೋ ಮರಿಯಣ್ಣ."

ಬೀಡಿ ಅಂತ ಬರ್ಕೊಂಡ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದೆ. ಶಾಯಿ ಬೇಕಾಗ್ಲಿಲ್ಲ, ಬೆರಳೇ ಕರ್ರಗಿತ್ತು.

ಮೂರು ತಿಂಗಳಿಗೆ ಹಿಂದಿನ ಬೀದೀಲಿ ಹೊಸ ಶೆಡ್ಡು. ಕಿಟಕಿಗೆ ಮೊದಲೇ ಗೋಣಿ. ಮೊದಲನೇ ಶುಕ್ರವಾರ ಕರ್ಪೂರ ಹಚ್ಚೋ ಹೊತ್ತಿಗೆ ಅಕ್ಕ ಬಂದ್ಲು. ಬಟ್ಟೆ ಸುತ್ತಿದ ಮೊಂಡು ಕೈ, ಕಂಕುಳಲ್ಲಿ ಪೊರಕೆ. ಹೊಸಿಲ ಹತ್ರ ಕೂತು, ಎರಡು ಮುಂಗೈ ಮಧ್ಯೆ ಪೊರಕೆ ಸಿಗಿಸ್ಕೊಂಡು, ಒಳಗಿಂದ ಬೀದಿ ಕಡೆಗೆ ಗುಡಿಸೋಕೆ ಶುರು ಮಾಡಿದ್ಲು.

"ಏಯ್! ಎಳೆದಾಕ್ರೋ ಆ ಅನಿಷ್ಟಾನ!"

ಯಾರೂ ಮುಟ್ಟಲಿಲ್ಲ. ಅಕ್ಕ ಅವನನ್ನ ನೋಡ್ಲಿಲ್ಲ, ನನ್ನೇ ನೋಡಿದ್ಲು. "ಬತ್ತೀಯೇನೋ ಆಚೆ?" ಅಂದ್ಲು.

"ಬಾಗಿಲು ಹಾಕೋ ಮರಿಯಣ್ಣ" ಅಂದ ಏಕಾಂತಯ್ಯ.

ಹಾಕಿದೆ. ನಾನೇ ಹಾಕಿದೆ. ಆಚೆ ಪೊರಕೆ ಸದ್ದು ನಿಲ್ಲಲಿಲ್ಲ, ಬರಕ್ ಬರಕ್ ಅಂತ. ಒಳಗೆ ಕರ್ಪೂರ ಉರೀತಿತ್ತು. ಮೇಲೆ ನೋಡಿದೆ. ಹೊಸ ತೊಲೆ, ಆಗಲೇ ಪುಡಿ ಕರ್ರಗೆ ಕೂತಿತ್ತು.