ದೊರೆಯ ಬಲಗಡೆ

ಅರಮನೆಯ ಹಜಾರಕ್ಕೆಂದು ದೊರೆಯ ಆಳೆತ್ತರದ ಚಿತ್ರ ಬರೆಯಲು ಬಂದ ಚಿತ್ರಗಾರ್ತಿಗೆ ಮೊದಲ ದಿನವೇ ಬಿಸಿ ತಟ್ಟಿತು. ದೊರೆಯ ಬಲಗಡೆ ಯಾರು ನಿಲ್ಲಬೇಕು ಎಂಬುದೇ ಜಗಳ.

ಬೆಳಿಗ್ಗೆ ಬಂದವನು ದೊರೆಯ ಆಪ್ತ. ಅವನ ಕೈ ದಾಟದೆ ಒಂದು ಕಾಗದವೂ ದೊರೆಯನ್ನು ಮುಟ್ಟುತ್ತಿರಲಿಲ್ಲ. ಹಗಲೆಲ್ಲ ದೊರೆಗೆ ಅಂಟಿಕೊಂಡೇ ಇರುತ್ತಿದ್ದವನನ್ನು ಆಳುಗಳು ಬೆನ್ನ ಹಿಂದೆ ನೆರಳಪ್ಪ ಎನ್ನುತ್ತಿದ್ದರು.

"ಬಲಗಡೆ ನಾನು. ಕೈ ದೊರೆಗಳ ಹೆಗಲ ಮೇಲಿರಲಿ," ಎಂದು ಮೀಸೆ ತೀಡಿದ.

ಮಧ್ಯಾಹ್ನ ಬಂದವಳು ದೊರೆಯ ಮೊಮ್ಮಗಳು, ಮುಂದೆ ಪಟ್ಟಕ್ಕೆ ಬರಬೇಕಾದವಳು. ಹದಿನೇಳು ವರ್ಷ, ಮೂಗಿನ ತುದಿಯಲ್ಲೇ ಕೋಪ.

"ನಮ್ಮ ತಾತನ್ನ ನೋಡೋಕೆ ನಾನು ಆ ಮನುಷ್ಯನ ಅಪ್ಪಣೆ ಕೇಳ್ಬೇಕು. ಚಿತ್ರದಲ್ಲೂ ಅವನೇ ಮುಂದೆ ನಿಲ್ಲೋದಾ?"

ಚಿತ್ರಗಾರ್ತಿ ಕುಂಚ ತೊಳೆದು ಬಟ್ಟೆಗೆ ಒರೆಸಿದಳು. ಮೂವತ್ತು ವರ್ಷ ದೊಡ್ಡವರ ಮುಖ ಬರೆದು ಅವರ ಬುದ್ಧಿಯನ್ನೂ ಅರೆದು ಕುಡಿದಿದ್ದಳು.

"ಅವರೇ ನಿಲ್ಲಲಿ ಬಿಡಿ ತಾಯಿ. ನೀವು ಹಿಂದೆ ನಿಲ್ಲಿ, ನಿಮ್ಮದನ್ನ ಒಂದೇ ಬೆಳಿಗ್ಗೆ ಮುಗಿಸಿಬಿಡ್ತೀನಿ. ಮುಂದೆ ನಿಂತವರು ಮಾತ್ರ ನಿಂತೇ ಇರ್ಬೇಕು. ದಿನಾ. ಒಂದು ತಿಂಗಳು."

ಹುಡುಗಿಯ ಹುಬ್ಬಿನ ಗಂಟು ಮೆಲ್ಲಗೆ ಸಡಿಲವಾಯಿತು. "ತಾತನೂ ನಿಲ್ಬೇಕಾ ಅಕ್ಕಾ?"

"ದೊರೆಗಳ ಮುಖ ಎರಡು ದಿನದ ಕೆಲಸ. ಆಮೇಲೆ ಅವರ ಅಂಗಿ ಇದ್ರೆ ಸಾಕು, ಮರದ ಗೊಂಬೆಗೆ ತೊಡಿಸ್ತೀನಿ."

ಐದನೆಯ ದಿನದಿಂದ ನೆರಳಪ್ಪ ಗೊಂಬೆಯ ಹೆಗಲ ಮೇಲೆ ಕೈಯಿಟ್ಟು ನಿಂತ. ಸಭೆಯ ಗಂಟೆ ಬಾರಿಸಿದಾಗಲೆಲ್ಲ ಅವನ ಕಾಲು ತುಡಿಯುತ್ತಿತ್ತು.

"ಈಗ ಹೋದ್ರೆ ಅಂಗಿ ಮಡಿಕೆಯೆಲ್ಲ ಕೆಟ್ಟುಹೋಗುತ್ತೆ ಸ್ವಾಮಿ. ಜಾಗ ಬೇಡ ಅಂದ್ರೆ ಹೇಳಿ, ದೊರೆಗಳ ಮೊಮ್ಮಗಳನ್ನೇ ನಿಲ್ಲಿಸ್ತೀನಿ."

"ಛೆ ಛೆ, ಬರೀರಿ, ಬರೀರಿ!"

ಅತ್ತ ಕಾಗದಗಳನ್ನು ಮೊಮ್ಮಗಳೇ ಒಳಗೆ ಒಯ್ದು ತಾತನಿಗೆ ಓದಿ ಹೇಳತೊಡಗಿದಳು. ಸಂಜೆ ಚಿತ್ರಗಾರ್ತಿಯ ಬಳಿ ಓಡಿ ಬಂದು ಕಿಸಕ್ಕನೆ ನಗುತ್ತಿದ್ದಳು. "ಸೇತುವೆ ಮುರಿದು ಎರಡು ವರ್ಷ ಆಗಿದ್ದು ತಾತಂಗೆ ಗೊತ್ತೇ ಇರ್ಲಿಲ್ಲ ಅಕ್ಕಾ! ಇವತ್ತೇ ಬಡಗಿಗಳನ್ನ ಕಳಿಸಿದ್ರು. ನಾಳೆ ಇನ್ನೂ ಬೇಗ ಬಾ ಅಂದಿದ್ದಾರೆ."

ತಿಂಗಳು ತುಂಬಿ ಚಿತ್ರ ಮುಗಿಯಿತು. ಜೋಮು ಹಿಡಿದ ಕಾಲನ್ನು ಎಳೆಯುತ್ತ ನೆರಳಪ್ಪ ಸಭೆಗೆ ಹೋದ. ಸ್ವಲ್ಪ ಹೊತ್ತಿಗೇ ಮುಖ ಸಪ್ಪಗೆ ಮಾಡಿಕೊಂಡು ಚಿತ್ರಗಾರ್ತಿಯ ಬಳಿಗೆ ವಾಪಸು ಬಂದ.

"ಏನಾಯ್ತು ಸ್ವಾಮಿ?"

"'ಸ್ವಲ್ಪ ಹೊರಗೆ ಕೂತಿರಿ, ಮೊಮ್ಮಗಳು ಓದ್ತಿದ್ದಾಳೆ' ಅಂದ್ಬಿಟ್ರು."

ಚಿತ್ರಗಾರ್ತಿಗೆ ನಿಜವಾಗಿಯೂ ಅಯ್ಯೋ ಎನಿಸಿತು. ಸ್ಟೂಲು ತಂದಿಟ್ಟಳು. ಅವನು ಕೂತು ಚಿತ್ರದಲ್ಲಿದ್ದ ತನ್ನನ್ನೇ ನೋಡಿದ. ನೋಡುತ್ತ ನೋಡುತ್ತ ಮುಖ ಅರಳಿತು. ಮರುದಿನ ಹೆಂಡತಿಯನ್ನೂ ಕರೆತಂದ.

ಆಕೆ ಸೊಂಟಕ್ಕೆ ಕೈಯಿಟ್ಟು ಮೇಲಿಂದ ಕೆಳಗೆ ನೋಡಿದಳು. "ಎಲ್ಲಾ ಸುಳ್ಳು. ಹೊಟ್ಟೆ ಒಂದು ಮಾತ್ರ ಇದ್ದ ಹಾಗೇ ಬಂದಿದೆ ನೋಡಿ."

ಚಿತ್ರಗಾರ್ತಿ ಬಣ್ಣದ ಬಟ್ಟಲು ಹುಡುಕುವ ನೆಪದಲ್ಲಿ ಗೋಡೆಯ ಕಡೆ ತಿರುಗಿಕೊಂಡಳು. ನಗು ತಡೆಯಲಾಗಲಿಲ್ಲ.