ಹೊಸ ರಟ್ಟಿನ ಹಳೆಯ ಬೀದಿಮಾತು

ನಾನು ಒಂದು ನಿಘಂಟು. ಮರ್ಯಾದಸ್ಥ ನಿಘಂಟಲ್ಲ. ಇಂಗ್ಲಿಷರು ಮೇಷ್ಟರ ಮುಂದೆ, ಪಾದ್ರಿಯ ಮುಂದೆ ಆಡದ ಮಾತುಗಳನ್ನೆಲ್ಲ ಅರ್ಥ, ಹುಟ್ಟು ಸಮೇತ ನನ್ನೊಳಗೆ ತುಂಬಿದ್ದಾರೆ. ಅದನ್ನು ಸ್ಲ್ಯಾಂಗ್ ಅನ್ನುತ್ತಾರೆ. ನಮ್ಮಲ್ಲಿ ಬೀದಿಮಾತು ಅಂದರೆ ಸಾಕು. ನನ್ನನ್ನು ಬರೆದವನು ಲಂಡನ್ನಿನ ಹೆಂಡದಂಗಡಿ, ಬಂದರು, ಸಿಪಾಯಿಗಳ ಬ್ಯಾರಕ್ಕು ಸುತ್ತಿ ಮಾತು ಕೂಡಿಹಾಕಿದ. ನಾನು ಅಚ್ಚಾಗಿ ಹೊರಬರುವಷ್ಟರಲ್ಲೇ ಅವುಗಳಲ್ಲಿ ಎಷ್ಟೋ ಹಳಸಿದ್ದವು. ಬೀದಿಮಾತಿನ ಆಯಸ್ಸೇ ಅಷ್ಟು. ಆಡುವವರು ಬೇರೆ ಮಾತು ಹಿಡಿದು ಹೋಗಿಬಿಡುತ್ತಾರೆ, ನಾನು ಹಳೆಯದನ್ನು ಹಿಡಿದುಕೊಂಡು ಕೂತಿರುತ್ತೇನೆ.

ಹಡಗಿನಲ್ಲಿ ಬಂದ ನನ್ನನ್ನು ಬಳ್ಳಾರಿ ದಂಡಿನ ಒಬ್ಬ ಇಂಗ್ಲಿಷ್ ಅಧಿಕಾರಿ ಕೊಂಡ. ಊಟದ ಮೇಜಿನ ಮೇಲೆ ನನ್ನನ್ನು ಬಿಚ್ಚಿ ಓದಿ ಗೆಳೆಯರನ್ನು ನಗಿಸುತ್ತಿದ್ದ. 'ಡೆಕ್ಕೋ' ಅವನಿಗೆ ಅಚ್ಚುಮೆಚ್ಚಿನ ಮಾತು. ಒಂದು ನೋಟ ಎಂದು ಅದರ ಅರ್ಥ. ಹಿಂದಿಯ 'ದೇಖೋ' ಗೋರಾ ಸಿಪಾಯಿಗಳ ಬಾಯಲ್ಲಿ ಹಾಗಾಗಿತ್ತು. ದಿನವೂ ದೇಖೋ ದೇಖೋ ಎನ್ನುವ ಬಟ್ಲರ್ ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿರುತ್ತಿದ್ದ. ಅದು ನಿನ್ನ ಮಾತು ಕಣಯ್ಯಾ ಎಂದು ಅವನಿಗೆ ಯಾರೂ ಹೇಳಲಿಲ್ಲ.

ಅಧಿಕಾರಿ ತನ್ನ ದೇಶಕ್ಕೆ ಹೋಗುವಾಗ ನನ್ನನ್ನು ಬಿಟ್ಟುಹೋದ. ಒಬ್ಬ ವಕೀಲರು ಹರಾಜಿನಲ್ಲಿ ಕುರ್ಚಿ ಮೇಜುಗಳ ಜೊತೆ ನನ್ನನ್ನೂ ತಂದರು, ಸಾಯುವವರೆಗೆ ತೆರೆಯಲಿಲ್ಲ. ಮೊಮ್ಮಕ್ಕಳು ಕಪಾಟು ಖಾಲಿ ಮಾಡಿದಾಗ ಹೊಸಪೇಟೆಯ ಹುಡುಗಿಯರ ಹಾಸ್ಟೆಲಿಗೆ ದಾನವಾಗಿ ಬಂದೆ. ಆ ಹೊತ್ತಿಗೆ ಗೆದ್ದಲು ನನ್ನ ಮೊದಲ ಹಾಳೆಗಳನ್ನು ತಿಂದಿತ್ತು. ಬೈಂಡಿನವನು ಹಾಳಾದದ್ದನ್ನೆಲ್ಲ ಕಿತ್ತೆಸೆದು, ಉಳಿದದ್ದನ್ನು ಹೊಲಿದು, ಹೊಳೆಯುವ ನೀಲಿ ರೆಕ್ಸಿನ್ ಹೊದಿಸಿದ. ನಾನು ಹುಟ್ಟಿದ ವರ್ಷ ಕಿತ್ತ ಹಾಳೆಯಲ್ಲಿತ್ತು. ಈಗ ನೋಡಿದವರು ಹೋದ ತಿಂಗಳು ಅಚ್ಚಾದದ್ದು ಎನ್ನಬೇಕು, ಹಾಗಿದ್ದೆ.

ಹುಲಿಗೆಮ್ಮ ಹಾಗೆಯೇ ಅಂದುಕೊಂಡಳು.

ಕೊಪ್ಪಳ ಕಡೆಯ ಹುಡುಗಿ, ಬಿ.ಎ. ಕೊನೆಯ ವರ್ಷ. ಅವಳ ತಾಯಿ ಹಂಪಿ ರಸ್ತೆಯ ಒಂದು ರೆಸಾರ್ಟಿನಲ್ಲಿ ಚಾದರ ಒಗೆಯುವ ಕೆಲಸಕ್ಕಿದ್ದಳು. ತಾಯಿ ಹಿಂಬಾಗಿಲಿನಿಂದ ಹೋಗಿಬರುವ ಆ ಕಟ್ಟಡದ ಮುಂಬಾಗಿಲ ಕೌಂಟರಿನಲ್ಲಿ ತಾನು ನಿಲ್ಲಬೇಕು, ಬಂದವರ ಜೊತೆ ಅವರ ಸರಿಸಮಕ್ಕೆ ಮಾತಾಡಬೇಕು ಎಂಬುದೊಂದೇ ಅವಳ ಆಸೆ. ಇಂಗ್ಲಿಷ್ ಬರುತ್ತಿತ್ತು, ಆದರೆ ಕಾಲೇಜಿನಲ್ಲಿ ಬಾಯಿ ತೆರೆದರೆ ಕಾನ್ವೆಂಟಿನಿಂದ ಬಂದ ಹುಡುಗಿಯರು ಕಿಸಕ್ಕೆನ್ನುತ್ತಿದ್ದರು. "ಗ್ರಾಮರ್ ಪುಸ್ತಕ ಎದ್ದು ಮಾತಾಡಾಕತ್ತೈತಿ ನೋಡ್ರೇ" ಎನ್ನುತ್ತಿದ್ದರು. ಪುಸ್ತಕದ ಇಂಗ್ಲಿಷ್ ಬಿಟ್ಟು ಜನ ಆಡುವ ಇಂಗ್ಲಿಷ್ ಕಲಿಯಬೇಕೆಂದು ಅವಳು ಹಟ ತೊಟ್ಟಳು. ಅದನ್ನು ಹುಡುಕಿಕೊಂಡು ಲೈಬ್ರರಿಗೆ ಬಂದಳು, ನಾನು ಸಿಕ್ಕಿದೆ.

ನನ್ನನ್ನು ಅಷ್ಟು ಪ್ರೀತಿಯಿಂದ ಓದಿದವರು ಇನ್ನೊಬ್ಬರಿಲ್ಲ. ನೀರಿನ ಟ್ಯಾಂಕಿನ ಪಕ್ಕ ಕೂತು ಗಟ್ಟಿಯಾಗಿ ಉರುಹೊಡೆಯುತ್ತಿದ್ದಳು. ರೂಮ್‌ಮೇಟ್ ಹೊನ್ನೂರಬೀ ಬಟ್ಟೆ ಹಿಂಡುತ್ತಾ ಕೇಳುತ್ತಿದ್ದಳು.

"ಲೇ ಹುಲಿಗೀ, ಇದನ್ನ ಓದಿ ಸೀದಾ ಲಂಡನ್ನಿಗೆ ಹೊಂಟೀಯೇನು?"

"ಸುಮ್ನ ಕೇಳಬೇ. ಪಾಲ್ ಅಂದ್ರ ಗೆಳೆಯ. ಜಿಪ್ಸಿ ಮಂದಿ ಅಣ್ಣ-ತಮ್ಮಗ ಅನ್ನೋ ಮಾತಂತ ಅದು. ನಮ್ಮ ಭ್ರಾತೃ ಐತಲ್ಲ, ಅದರ ಬಳಗಾನ."

"ಅಂದ್ರ ಇಂಗ್ಲಿಷ್ನೋರು ನಮಗ ಬೀಗರಾದ್ರು ಬಿಡು. ಹೇಳಿ ಕಳಸು, ಹಬ್ಬಕ್ಕ ಬರ್ಲಿ."

ಇಬ್ಬರೂ ನಕ್ಕರು. ಅವಳಿಗೆ ಮಾತಿನ ಹುಟ್ಟಿನ ಕತೆ ಹಿಡಿಸುತ್ತಿತ್ತು. ದೊರೆಗಳ ಮಾತಿನೊಳಗೆ ಕೂಲಿಗಳ, ಅಲೆಮಾರಿಗಳ, ಸಿಪಾಯಿಗಳ ಮಾತು ಕೂತಿದೆ ಎಂದು ತಿಳಿದಾಗ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಆದರೆ ಉರುಹೊಡೆದದ್ದು ಬೇರೆ ಮಾತುಗಳನ್ನು. ಎದುರಾದವರಿಗೆ 'ವಾಟ್ ಹೋ'. ಆಪ್ತರನ್ನು ಕರೆಯಲು 'ಓಲ್ಡ್ ಬೀನ್'. ಚೆನ್ನಾಗಿದ್ದರೆ 'ರಿಪ್ಪಿಂಗ್'. ಹೊರಡುವಾಗ 'ಟೂಡಲ್ ಊ'. ಅವುಗಳನ್ನು ಆಡಿಕೊಂಡಿದ್ದವರು ಸತ್ತು ಮಣ್ಣಾಗಿ ಎಷ್ಟೋ ಕಾಲವಾಗಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದು ಏನು ಮಾಡಲಿ? ನಿಘಂಟು ಕೇಳಿದ್ದಕ್ಕೆ ಅರ್ಥ ಹೇಳುತ್ತದೆ. ಬೇಡ ಎಂದು ಹೇಳುವ ಬಾಯಿ ಅದಕ್ಕಿಲ್ಲ.

ಪರೀಕ್ಷೆ ಮುಗಿದ ಮೇಲೆ ರೆಸಾರ್ಟಿನ ಸಂದರ್ಶನಕ್ಕೆ ಹೊರಟಳು. ಧೈರ್ಯಕ್ಕಿರಲಿ ಎಂದು ವಾರ್ಡನ್ನರನ್ನು ಕೇಳಿ ನನ್ನನ್ನೂ ಚೀಲದಲ್ಲಿ ಹಾಕಿಕೊಂಡಳು. ಮ್ಯಾನೇಜರ್ ಕಿಶನ್ ರೈ ಮಂಗಳೂರಿನವನು. ನಾಲ್ಕು ಮಾತು ಕೇಳಿ, "ಇಲ್ಲಿ ಪುಸ್ತಕದ ಇಂಗ್ಲಿಷ್ ಆಗುವುದಿಲ್ಲ ಮಾರಾಯ್ತಿ. ಅಗೋ, ಅಲ್ಲಿ ಚಾ ಕುಡಿಯುತ್ತಿದ್ದಾರಲ್ಲ, ಆ ಅಮ್ಮನ ಹತ್ತಿರ ಮಾತಾಡು, ನೋಡುವಾ" ಎಂದ.

ಇಂಗ್ಲೆಂಡಿನ ಮುದುಕಿ. ಹುಲಿಗೆಮ್ಮ ಹೋಗಿ ನಿಂತು, ಕೈಮುಗಿದು, ತಡವರಿಸದೆ ಹೇಳಿದಳು: "ವಾಟ್ ಹೋ, ಓಲ್ಡ್ ಬೀನ್! ರಿಪ್ಪಿಂಗ್ ಮಾರ್ನಿಂಗ್!"

ಮುದುಕಿ ಎತ್ತಿದ ಚಹಾ ಬಟ್ಟಲು ಬಾಯಿಯ ಹತ್ತಿರವೇ ನಿಂತಿತು. ಆಮೇಲೆ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಪಕ್ಕದ ಮೇಜಿನವರನ್ನು ಕರೆದು, ಇನ್ನೊಮ್ಮೆ ಹೇಳಿಸಿದಳು. ನನ್ನ ಅಜ್ಜ ಹೀಗೇ ಮಾತಾಡುತ್ತಿದ್ದ ಎಂದು ರೈಗೆ ಇಂಗ್ಲಿಷಿನಲ್ಲಿ ಸರಸರನೆ ಹೇಳಿದಳು. ಅಷ್ಟು ವೇಗದ ಮಾತು ಹುಲಿಗೆಮ್ಮನಿಗೆ ಸಿಕ್ಕಲಿಲ್ಲ. ಸಿಕ್ಕಿದ್ದು 'ಮಾರ್ವೆಲಸ್' ಒಂದೇ. ಇಂಗ್ಲಿಷ್ ಆಡಿದ್ದಕ್ಕೆ ಮೊದಲ ಸಲ ಯಾರೋ ಮೆಚ್ಚಿ ನಕ್ಕಿದ್ದರು. ರೈ ಆ ನಗುವನ್ನು ಅಳೆಯುತ್ತಾ ನಿಂತಿದ್ದ.

"ನಾಳೆಯಿಂದಲೇ ಬಾ" ಎಂದ.

ಮರುದಿನ ಅವಳಿಗೆ ಸಿಕ್ಕಿದ್ದು ಕೌಂಟರಲ್ಲ. ಇಳಕಲ್ ಸೀರೆ ಉಡಿಸಿ, ತಲೆತುಂಬ ಮಲ್ಲಿಗೆ ಮುಡಿಸಿ, ಬಾಗಿಲ ಬಳಿ ಆರತಿ ತಟ್ಟೆ ಕೊಟ್ಟು ನಿಲ್ಲಿಸಿದರು. ವಿದೇಶದವರು ಕಾರಿನಿಂದ ಇಳಿದರೆ ಕುಂಕುಮ ಇಟ್ಟು 'ವಾಟ್ ಹೋ' ಅನ್ನಬೇಕು, ಹೊರಟವರಿಗೆ 'ಟೂಡಲ್ ಊ' ಅನ್ನಬೇಕು. ನನ್ನನ್ನು ಹಾಸ್ಟೆಲಿಗೆ ಮರಳಿ ಕಳಿಸಲಿಲ್ಲ. ರೈ ನನ್ನ ಬದಲಿಗೆ ಅಲ್ಲಿಗೊಂದು ಹೊಸ ನಿಘಂಟು ಕೊಡಿಸಿ, ನನ್ನನ್ನು ಲಾಬಿಯ ಶೋಕೇಸಿನಲ್ಲಿ ಹಿತ್ತಾಳೆ ಆನೆಯ ಪಕ್ಕ ಇಟ್ಟ. ಅವಳು ಕಲಿತದ್ದು ಇದರಿಂದಲೇ ಎಂದು ಬಂದವರಿಗೆ ತೋರಿಸುತ್ತಿದ್ದ.

ಅವಳಿಗೆ ವಿಷಯ ತಿಳಿದದ್ದು ಒಬ್ಬ ಇಂಗ್ಲಿಷ್ ಹುಡುಗಿಯಿಂದ. ಆ ಮಗು ಅವಳ ಸೆರಗು ಜಗ್ಗಿ, ನೀನು ಯಾಕೆ ಸತ್ತವರ ಹಾಗೆ ಮಾತಾಡುತ್ತೀ ಎಂದು ಬಿಡಿಸಿ ಬಿಡಿಸಿ ಕೇಳಿತು. ಆ ಸಂಜೆ ಅವಳು ಶೋಕೇಸಿನ ಮುಂದೆ ಬಂದು ನಿಂತಳು. ಗಾಜಿನಾಚೆಯಿಂದ ನನ್ನ ಹೊಳೆಯುವ ಬೆನ್ನನ್ನು ನೋಡಿ ಹೋದಳು. ಆಮೇಲೆ ನನ್ನತ್ತ ತಿರುಗಿದ್ದಿಲ್ಲ.

ತಾಯಿಗೆ ಹೇಳಲಿಲ್ಲ. ಹೇಗೆ ಹೇಳುತ್ತಾಳೆ? ಆಕೆ ಒಗೆದ ಚಾದರಗಳ ಗಂಟು ಹೊತ್ತು ಬಾಗಿಲ ಮರೆಯಲ್ಲಿ ನಿಂತು, "ನಮ್ಮ ಹುಲಿಗಿ ಇಂಗ್ಲಿಷ್ ಕೇಳಿ ಸಾಹೇಬ್ರು ಎಷ್ಟ್ ಖುಷಿ ಆಗ್ತಾರ ನೋಡ್ರಿ" ಎಂದು ಮಾಲಿಗೆ ಹೇಳುತ್ತಿದ್ದಳು.

ಹುಲಿಗೆಮ್ಮ ಕೌಂಟರಿನವರ ಮಾತಿಗೆ ಕಿವಿಕೊಟ್ಟಳು. ಈಗಿನ ಇಂಗ್ಲಿಷ್, ಸಾದಾ ಇಂಗ್ಲಿಷ್. ಒಂದು ವರ್ಷದಲ್ಲಿ ಅದನ್ನು ಚೆನ್ನಾಗಿಯೇ ಕಲಿತಳು. ನನ್ನೊಳಗೆ ಅದರ ಒಂದು ಮಾತೂ ಇಲ್ಲ. ನಾನು ಗಾಜಿನೊಳಗೆ ಹಳದಿಯಾಗುತ್ತಾ, ಹೊಲಿಗೆ ಸಡಿಲವಾಗುತ್ತಾ ಕೂತಿದ್ದೇನೆ. ನನ್ನ ಮಾತುಗಳು ನನ್ನಲ್ಲೇ ಸತ್ತಿದ್ದರೆ ಸಾಕಿತ್ತು. ಒಂದು ಜೀವಂತ ಬಾಯಿಗೆ ಹೋಗಿ ಕೂತವು, ಈಗ ಅಲ್ಲಿಂದ ಏಳಲು ಯಾರೂ ಬಿಡುತ್ತಿಲ್ಲ.

ಹೋದ ವಾರ ವಿದೇಶದ ಒಬ್ಬ ಗಂಡಸು ಕಾರಿನಿಂದ ಇಳಿದ. ಹುಲಿಗೆಮ್ಮ ಕುಂಕುಮವಿಟ್ಟು, ಪ್ರಯಾಣದಲ್ಲಿ ಆಯಾಸವಾಗಲಿಲ್ಲ ತಾನೆ ಎಂದು ಸ್ಪಷ್ಟವಾದ ಇಂಗ್ಲಿಷಿನಲ್ಲಿ ವಿಚಾರಿಸಿದಳು. ಅವನು ಇಲ್ಲ ಎಂದು ತಲೆಯಾಡಿಸಿ ಒಳಗೆ ನಡೆದ. ರೈ ಓಡಿಬಂದ.

"ಎಂತದು ಅದು? ಅದನ್ನು ಯಾರು ಬೇಕಾದರೂ ಹೇಳ್ತಾರೆ."

"ಸಾರ್, ನಾ ಈಗ ಚೊಲೋ ಮಾತಾಡ್ತೀನ್ರಿ. ಕೌಂಟರ್‌ಗೆ ಹಾಕ್ರಿ."

"ಕೌಂಟರಿಗೆ ನೂರು ಜನ ಸಿಗ್ತಾರೆ ಮಾರಾಯ್ತಿ. ಇದಕ್ಕೆ ನೀನೊಬ್ಬಳೇ. ಹೋಗು, ನಿನ್ನದು ಹೇಳು."

ಅವಳು ಹೋಗಿ ಅವನ ಮುಂದೆ ಕೈಮುಗಿದು, "ವಾಟ್ ಹೋ, ಓಲ್ಡ್ ಬೀನ್!" ಎಂದಳು. ಅವನು ಗಹಗಹಿಸಿ ನಕ್ಕು ಜೇಬಿನಿಂದ ಫೋನು ತೆಗೆದ. ಅವನು ಅದನ್ನು ಸರಿಯಾಗಿ ಹಿಡಿಯುವವರೆಗೆ ಕಾದಿದ್ದು, ಹುಲಿಗೆಮ್ಮ ಇನ್ನೊಮ್ಮೆ ಹೇಳಿದಳು.