ಸಾಣೆಗೆ ಬಂದ ಕೊನೆಯ ಕತ್ತಿ

ಚಿಗುಸಾ ಮೊದಲು ಬೈದದ್ದು ಕಿಟಕಿಯ ಬೆಳಕನ್ನು, ಆಮೇಲೆ ತನ್ನ ಕಣ್ಣನ್ನು. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿರಬೇಕು ಎಂದುಕೊಂಡು ಕತ್ತಿಯನ್ನು ಬಟ್ಟೆಯಿಂದ ಒರೆಸಿ ಮತ್ತೆ ಓರೆಯಾಗಿ ಹಿಡಿದಳು. ಹಿಡಿಯ ಕಡೆಯಿಂದ ಒಂದು ಗೇಣು ಮೇಲೆ, ಹರಿತವಾದ ಅಂಚಿಗೆ ಅಡ್ಡಲಾಗಿ, ಕೂದಲೆಳೆಯಂಥ ಗೆರೆಯೊಂದು ತಾನಾಗಿ ಒದ್ದೆಯಾಯಿತು. ಒರೆಸಿದಳು. ಮತ್ತೆ ನೀರು ಜಿನುಗಿತು. ಸಾಣೆ ಹಿಡಿಯುವವರಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ಬಿರುಕಿನೊಳಗೆ ಸೇರಿಕೊಂಡ ನೀರು ಹೊರಗೆ ಬರುತ್ತಿತ್ತು.

ಅಂಚು ಬಿರಿದ ಕತ್ತಿಯನ್ನು ಎಷ್ಟು ತಿಕ್ಕಿದರೂ ಪ್ರಯೋಜನವಿಲ್ಲ. ಯೋಶಿಇ ನದಿಯ ದಡದ, ಕತ್ತಿ ಬಡಿಯುವವರ ಊರಾದ ಈ ಒಸಾಫುನೆಯಲ್ಲಿ ಮಕ್ಕಳಿಗೂ ಅದು ಗೊತ್ತು. ಚಿಗುಸಾಗೆ ಅರವತ್ತು ದಾಟಿತ್ತು. ಅಪ್ಪ ಕೂತಿದ್ದ ಗಿಡ್ಡ ಮಣೆಯ ಮೇಲೇ ಕೂತು, ಬಲಗಾಲಿನಲ್ಲಿ ಕಲ್ಲನ್ನು ಅದುಮಿ ಹಿಡಿದು, ಊರಿನ ಕಮ್ಮಾರರ ಕತ್ತಿಗಳನ್ನು ತಿಕ್ಕುತ್ತ ಅವಳ ಮೈ ಹಣ್ಣಾಗಿತ್ತು. ಬೇರೆ ಯಾರದಾದರೂ ಕತ್ತಿ ಆಗಿದ್ದರೆ ಬಟ್ಟೆ ಸುತ್ತಿ ವಾಪಸ್ಸು ಕಳಿಸಿ ಬೆನ್ನು ನೀವಿಕೊಳ್ಳುತ್ತಿದ್ದಳು. ಇದು ತೊಮೆಜೊ ಉಗಾಕಿಯದು. ಎಂಬತ್ತು ದಾಟಿದ ಮುದುಕ, ಅಪ್ಪನ ಗೆಳೆಯ, ಅವಳ ಬಾಯಲ್ಲಿ ಚಿಕ್ಕಪ್ಪ. ಇದೇ ನನ್ನ ಕೊನೆಯದು ಎಂದು ಊರಿಗೆಲ್ಲ ಹೇಳಿ, ಕುಲುಮೆಯ ತಿದಿಯನ್ನು ಕಿತ್ತು, ಉಳಿದ ಇದ್ದಿಲನ್ನು ಹಂಚಿಬಿಟ್ಟಿದ್ದ. ಹಿಂದೆಲ್ಲ ಒಂದು ಕೇಳಿದರೆ ಎರಡು ಬಡಿದು, ಒಳ್ಳೆಯದನ್ನು ಕೊಟ್ಟು ಇನ್ನೊಂದನ್ನು ಅಟ್ಟಕ್ಕೆ ಹಾಕುವುದು ಅವನ ಪದ್ಧತಿ. ಈ ಸಲ ತೋಳಿನಲ್ಲಿ ಒಂದಕ್ಕಷ್ಟೇ ಕಸುವಿತ್ತು.

ಬಾಗಿಲು ಸರಿಯಿತು. ಸರಿಸಿದವನು ನಾನ್ಬಾ. ಕಡಲ ದಡದ ತಮಾಶಿಮಾದಲ್ಲಿ ಮೀನಿನ ಕಡುಬಿನ ಕಾರ್ಖಾನೆ ಇಟ್ಟು ಮುದುಕನಾದವನು. ಈ ಕತ್ತಿ ಮಾಡಿಸಿದವನೂ ಅವನೇ. ಕತ್ತಿ ಕೂಡಿಡುವ ಅವನ ಸ್ನೇಹಿತರೆಲ್ಲ ಐನೂರು ವರ್ಷದ ಹಳೆಯ ಕತ್ತಿಗಳಿಗೆ ಜೋತುಬಿದ್ದವರು. ಬದುಕಿರೋನ ಕತ್ತಿ ಕೊಳ್ತೀಯಲ್ಲ, ಅವನು ನಾಳೆ ಬೆಳಗ್ಗೆ ಎದ್ದು ಇನ್ನೊಂದು ಮಾಡ್ತಾನೆ ಎಂದು ಆಡಿಕೊಳ್ಳುತ್ತಿದ್ದರು. ಸತ್ತ ಕಮ್ಮಾರ ನನ್ನ ಜೊತೆ ಕೂತು ಟೀ ಕುಡೀತಾನೇನ್ರೋ ಎಂದು ಇವನು ತಿರುಗಿಸಿ ಕೇಳುತ್ತಿದ್ದ. ಅವನ ಮನೆಯಲ್ಲಿದ್ದವೆಲ್ಲ ತೊಮೆಜೊನ ಕತ್ತಿಗಳೇ.

"ಹೇಗಿದಾಳಮ್ಮ ನಮ್ಮ ಹುಡುಗಿ?" ಎಂದ ನಾನ್ಬಾ, ಕಡುಬಿನ ಪೊಟ್ಟಣ ಇಳಿಸುತ್ತ.

"ಹುಡುಗಿಗೆ ಹುಷಾರಿಲ್ಲ. ಬಂದು ನೋಡಿ."

ಕತ್ತಿಗೆ ಉಸಿರು ತಾಗದಿರಲೆಂದು ಅವನು ಮಡಿಸಿದ ಕಾಗದವನ್ನು ತುಟಿಯಲ್ಲಿ ಕಚ್ಚಿಕೊಂಡು ಬಗ್ಗಿದ. ಅವಳು ಒರೆಸಿದಳು, ಜಿನುಗಿತು. ಕಾಗದ ಬಾಯಿಂದ ಜಾರಿ ಬಿತ್ತು.

"ಯಾರ್ಯಾರಿಗೆ ಹೇಳ್ದೆ?"

"ಈಗಷ್ಟೇ ಕಂಡಿದ್ದು. ನಿಮಗೇ ಮೊದಲು."

"ಹಾಗಾದ್ರೆ ಇಲ್ಲಿಗೇ ಬಿಟ್ಬಿಡು. ನೀನೂ ನೋಡಿಲ್ಲ, ನಾನೂ ನೋಡಿಲ್ಲ. ತೊಮೆಜೊ ಹತ್ರ ಅವನ ಹೆಸರು ಕೆತ್ತಿಸ್ಕೊಂಡು ಬಾ. ಪೆಟ್ಟಿಗೇಲಿ ಇಟ್ಕೋತೀನಿ, ಸಾಯೋವರೆಗೂ ಒಬ್ಬರಿಗೂ ತೋರ್ಸಲ್ಲ."

"ನೀವು ಸತ್ತ ಮೇಲೆ?"

"ಸತ್ತ ಮೇಲೆ ನನಗೇನಂತೆ?"

"ನಿಮಗೇನಿಲ್ಲ ಬಿಡಿ. ಚಿಕ್ಕಪ್ಪನ ಹೆಸರು ಅದರ ಮೇಲೇ ಇರುತ್ತಲ್ಲ."

ನಾನ್ಬಾ ಅಲ್ಲೇ ಕೂತ. "ಇನ್ನೊಂದು ಮಾಡೋಕೆ ಅವನ ಕೈಲಾಗಲ್ಲ ಚಿಗುಸಾ. ಇದೂ ಹೋಯ್ತು ಅಂದ್ರೆ ಆ ಮುದುಕ ಎದೆ ಒಡ್ಕೊಳ್ತಾನೆ. ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನಾದ್ರೂ ಹೋಗುತ್ತಾ?"

ಹೋಗುತ್ತಿರಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಕಲ್ಲಿನ ಮುಂದೆ ಕೂರುವುದೇ ಅವಳಿಗೂ ಸುಲಭವಿತ್ತು. ನಿಜ ಹೇಳಲು ಎದ್ದು ಹೋಗಬೇಕಲ್ಲ ಎಂಬುದೇ ಬೇಸರ. ಆದರೆ ಮೊದಲ ಸುತ್ತಿನ ಸಾಣೆ ಮುಗಿದು, ತಿಕ್ಕಿದವರು ಸರಿಯಿದೆ ಎಂದಮೇಲೆಯೇ ತೊಮೆಜೊ ಹೆಸರು ಕೆತ್ತುತ್ತಿದ್ದ. ಅಪ್ಪನ ಕಾಲದಿಂದಲೂ ಅದು ಹಾಗೇ. ಈ ಒಂದು ಮಾತನ್ನು ನಂಬಿ ಅಲ್ಲೊಬ್ಬ ಉಳಿ ಹಿಡಿದು ಕಾಯುತ್ತಿದ್ದ. ಕತ್ತಿಗೆ ಬಟ್ಟೆ ಸುತ್ತಿದಳು. ನಾನ್ಬಾ ಗೊಣಗುತ್ತಲೇ ಕಾರು ತೆಗೆದ.

ತೊಮೆಜೊ ಕೆಳಗೆ ಕಾವು ಇಟ್ಟ ಗಿಡ್ಡ ಮೇಜಿನ ಹೊದಿಕೆಯೊಳಗೆ ಕಾಲು ಚಾಚಿ ಕಿತ್ತಳೆ ಸುಲಿಯುತ್ತಿದ್ದ.

"ಬಾರೇ ಚಿಗುಸಾ. ಈ ಮೀನು ಸಾಹುಕಾರನ್ನ ಯಾಕೆ ಬಾಲಕ್ಕೆ ಕಟ್ಕೊಂಡು ಬಂದೆ? ಉಳಿ ಮಸೆದಿಟ್ಟಿದೀನಿ ನೋಡು. ಕೈ ನಡುಗದೇ ಇರೋ ಗಳಿಗೆಗೆ ಕಾಯ್ತಾ ಕೂತಿದೀನಿ."

ದಾರಿಯುದ್ದಕ್ಕೂ ಮನಸ್ಸಿನಲ್ಲಿ ಉರು ಹೊಡೆದ ಮಾತನ್ನು ಅವಳು ಹಾಗೇ ಒಪ್ಪಿಸಿದಳು. "ಅಂಚು ಬಿರಿದಿದೆ ಚಿಕ್ಕಪ್ಪ."

ಮುದುಕ ಕಿತ್ತಳೆಯನ್ನು ಪೂರ್ತಿ ಸುಲಿದ. ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದ. ಆಮೇಲೆ ಕೈ ಒರೆಸಿಕೊಂಡು ಕತ್ತಿ ಕೇಳಿದ. ಬೆಳಕಿಗೆ ಹಿಡಿದ, ತಿರುಗಿಸಿದ, ಮೂಗಿನ ತನಕ ತಂದ. ಅವಳು ಬೆರಳು ಮಾಡಿ ತೋರಿಸಿದಳು.

"ನಂಗೆ ಕಾಣ್ತಿಲ್ವಲ್ಲೇ."

"ಕಾಣ್ಲಿಲ್ಲ ಅಂದ್ಮೇಲೆ ಇಲ್ಲ!" ನಾನ್ಬಾ ಮಾತು ಹಿಡಿದುಕೊಂಡ. "ಇವಳಿಗೂ ವಯಸ್ಸಾಯ್ತು. ಏನೋ ಗೀರು ನೋಡಿ ಹೆದರಿದಾಳೆ. ಅಲ್ವೇನಮ್ಮ?"

ಇಬ್ಬರೂ ಅವಳ ಮುಖ ನೋಡಿದರು. ಹೌದು ಎನ್ನಲು ಅರ್ಧ ಉಸಿರು ಸಾಕಿತ್ತು. ಚಿಗುಸಾ ಇಲ್ಲವೆಂದು ತಲೆಯಾಡಿಸಿದಳು.

ಮುದುಕನ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಡಾಕ್ಟರು ತೆಗೆಸಿಕೋ ಎಂದು ಹೇಳಿ ಹೇಳಿ ಸೋತಿದ್ದರು. ತೊಮೆಜೊ ಒಪ್ಪಿರಲಿಲ್ಲ. ಕಾದ ಕತ್ತಿಯನ್ನು ನೀರಿಗೆ ಅದ್ದುವಾಗ ಕುಲುಮೆಯ ದೀಪ ಆರಿಸಿ, ಕತ್ತಲಲ್ಲಿ ಕಬ್ಬಿಣದ ಕೆಂಪು ನೋಡಿಯೇ ಗಳಿಗೆ ಹಿಡಿಯಬೇಕು. ಆ ಕೆಂಪನ್ನು ಈ ಕಣ್ಣಲ್ಲಿ ಕಲಿತಿದೀನಿ, ಹೊಸ ಗಾಜು ಹಾಕಿಸ್ಕೊಂಡು ಬಂದ್ರೆ ಕೆಂಪೆಲ್ಲ ಬೇರೆ ಆಗುತ್ತೆ, ಈ ವಯಸ್ಸಲ್ಲಿ ಯಾರ ಹತ್ರ ಹೋಗಿ ಕಲೀಲಿ ಎನ್ನುತ್ತಿದ್ದ. ಹಟಮಾರಿ! ಪೊರೆ ಬಂದ ಕಣ್ಣಿಗೆ ಕೆಂಪು ಮಂಕಾಗಿ ಕಂಡು, ಇನ್ನೂ ಕಾಯಲಿ ಎನಿಸಿ, ಕಬ್ಬಿಣ ಅತಿಯಾಗಿ ಕಾದಿರಬಹುದು. ಮೂವರ ತಲೆಯಲ್ಲೂ ಅದೇ ಓಡುತ್ತಿತ್ತು.

"ನೀರು ತೀರಾ ತಣ್ಣಗಿದ್ರೂ ಬಿರಿಯುತ್ತೆ," ಎಂದ ತೊಮೆಜೊ ನಿಧಾನವಾಗಿ. "ಕಬ್ಬಿಣದಲ್ಲೇ ಐಬಿದ್ರೂ ಬಿರಿಯುತ್ತೆ. ಮುರಿದು ನೋಡಿದ್ರೆ ಗೊತ್ತಾಗುತ್ತೆ. ಒಳಗೆ ಅಕ್ಕಿಹಿಟ್ಟಿನ ಹಾಗಿದ್ರೆ ಬೆಂಕಿ ಸರಿಯಾಗಿತ್ತು. ಸಕ್ಕರೆ ಹರಳಿನ ಹಾಗಿದ್ರೆ ತಪ್ಪು ನನ್ನ ಕಣ್ಣಿಂದು."

"ಮುರಿಯೋದಾ?" ನಾನ್ಬಾ ಹೌಹಾರಿದ. "ಬಿರುಕಿದ್ರೆ ಇರ್ಲಿ ಕಣೋ, ನನಗೆ ಬೇಕು. ಹೆಸರೇ ಹಾಕ್ಬೇಡ, ಹಾಗೇ ಕೊಡು."

"ನಿನ್ನ ಮನೇಲಿರೋದೆಲ್ಲ ನಂದೇ. ಹೆಸರಿಲ್ಲದಿದ್ರೆ ಯಾರದು ಅಂತ ಜನಕ್ಕೆ ಗೊತ್ತಾಗಲ್ವೇನೋ ದಡ್ಡ?"

"ನಾನು ಇನ್ನೇನು ಕೇಳಿದೀನೋ ನಿನ್ನ? ಕೊನೇದು ಅಂತ ಕೇಳ್ತಿದೀನಿ."

"ಕೊನೇದು ಅಂತಲೇ ಕೊಡಲ್ಲ," ಎಂದು ಮುದುಕ ಗೋಡೆ ಹಿಡಿದು ಎದ್ದ. "ಉಳಿದ ಬದುಕೆಲ್ಲ ನನ್ನ ಕಣ್ಣು ತಪ್ಪಿತೋ ಇಲ್ಲವೋ ಅಂತ ಯೋಚಿಸ್ತಾ ಬಿದ್ದಿರೋಕೆ ನನ್ನ ಕೈಲಾಗಲ್ಲ."

ಕುಲುಮೆಯ ಮನೆ ತಣ್ಣಗೆ ಬಿಕೋ ಎನ್ನುತ್ತಿತ್ತು. ಅಡಿಗಲ್ಲು ಮಾರಿಹೋಗಿತ್ತು, ಮೂಲೆಯಲ್ಲಿ ಕಬ್ಬಿಣ ಕಚ್ಚಿ ಹಿಡಿಯುವ ತಿರುಪಿನ ಇಕ್ಕಳ ಮಾತ್ರ ಉಳಿದಿತ್ತು. ಬಿರುಕು ಸ್ವಲ್ಪ ಮೇಲೆ ಬರುವಂತೆ ಚಿಗುಸಾ ಕತ್ತಿಯನ್ನು ಅದರಲ್ಲಿ ಬಿಗಿದಳು. ತೊಮೆಜೊ ಸುತ್ತಿಗೆ ಎತ್ತಲು ಹೋದ, ಭುಜದ ತನಕವೂ ಏರಲಿಲ್ಲ. ನಾನ್ಬಾ ಎರಡೂ ಕೈ ಜೇಬಿಗೆ ತುರುಕಿ ಬೆನ್ನು ತಿರುಗಿಸಿ ನಿಂತ.

"ನೀನೇ ಹೊಡಿ," ಎಂದ ಮುದುಕ.

ಬದುಕಿಡೀ ಕತ್ತಿಯ ಮೇಲೆ ಬೆರಳಿನ ಗುರುತು ಬೀಳದಂತೆ ಕಾದವಳು ಅವಳು. ಹಲ್ಲು ಕಚ್ಚಿ ಹೊಡೆದಳು. ಕತ್ತಿ ನಡುಗಿ ಹಾಗೇ ನಿಂತಿತು. ಒಳ್ಳೆಯ ಕಬ್ಬಿಣ, ಅಷ್ಟು ಸುಲಭಕ್ಕೆ ಬಗ್ಗುವ ಜಾತಿಯಲ್ಲ. ಮತ್ತೆ ಹೊಡೆದಳು, ಮತ್ತೆ, ಕೈ ಜೋಮು ಹಿಡಿಯುವ ತನಕ. ಕೊನೆಗೆ ತುದಿಯ ಕಡೆಯ ಭಾಗ ಹಾರಿ ಮಣ್ಣಿನ ನೆಲಕ್ಕೆ ಬಿತ್ತು.

ತುಂಡನ್ನು ಎತ್ತಿಕೊಂಡು ಅವಳು ಬಾಗಿಲ ಬೆಳಕಿಗೆ ಹೋದಳು. ನೋಡಿದಳು. ಅಂಚಿನುದ್ದಕ್ಕೂ ಒರಟು ಹರಳು, ಚಳಿಗಾಲದ ಬಿಸಿಲಿಗೆ ಸಕ್ಕರೆಯ ಹಾಗೆ ಮಿನುಗುತ್ತಿತ್ತು. ತಿರುಗಿಸಿ ನೋಡಿದರೂ ಅದೇ.

"ಹೇಗಿದೆ?" ಒಳಗಿನಿಂದ ಮುದುಕ ಕೇಳಿದ.

ಅವಳಿಗೆ ಸಾಕಾಗಿತ್ತು. ಬೆಳಗಿನಿಂದ ನಿಜ ಹೇಳಿ ಹೇಳಿ ಬಾಯಿ ಒಣಗಿತ್ತು. ಇದೊಂದನ್ನು ಹೇಳುವಷ್ಟು ಶಕ್ತಿ ಉಳಿದಿರಲಿಲ್ಲ. ತೋಳಿನಿಂದ ಕಣ್ಣು ಒರೆಸಿಕೊಂಡಳು.

"ಹಿಟ್ಟಿನ ಹಾಗಿದೆ ಚಿಕ್ಕಪ್ಪ. ನುಣ್ಣಗೆ."

ನಾನ್ಬಾ ತಿರುಗಿದ. ಹತ್ತಿರ ಬಂದು ಅವಳ ಕೈಯಲ್ಲಿದ್ದುದನ್ನು ನೋಡಿದ, ಅವಳ ಮುಖ ನೋಡಿದ. "ಹಿಟ್ಟೇ," ಎಂದ ಅವನೂ. "ಪಾಪ, ಆ ನೀರು ತುಂಬ ತಣ್ಣಗಿತ್ತೇನೋ."

ತೊಮೆಜೊ ಕೈ ಚಾಚಿದ. ಕೊಡದೆ ಇರುವಂತಿರಲಿಲ್ಲ, ಅವಳು ಕೊಟ್ಟಳು. ಮುರಿದ ಮುಖದ ಮೇಲೆ ಅವನು ಹೆಬ್ಬೆರಳನ್ನು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಎಳೆದ. ಅವನ ಬೆರಳಿಗೆ ಪೊರೆ ಬಂದಿರಲಿಲ್ಲ. ಆ ಒರಟು ಹರಳಿನ ಮೇಲೇ ಉಜ್ಜುತ್ತ ನಿಂತ.

"ಹಿಟ್ಟೇ ಕಣೇ," ಎಂದ ಕೊನೆಗೆ, ಅವಳಿದ್ದ ಕಡೆಗೆ ಮುಖ ತಿರುಗಿಸಿ. "ಅದಕ್ಕೆ ಯಾಕೆ ಅಳ್ತೀಯ?"